'ದ ವೈರ್' ಅಥವಾ 'ಬ್ರೇಕಿಂಗ್ ಬ್ಯಾಡ್': ಯಾವುದರ ಮುಕ್ತಾಯ ನಿಮಗೆ?

ಎರಡೂ ಅಮೆರಿಕದ ಅಪರಾಧ ಸರಣಿಗಳು, ಎರಡಕ್ಕೂ ಐದೇ ಸೀಸನ್. ಯಾವುದನ್ನು ನೋಡಲಿ ಎಂದು ಕೇಳುವವರಿಗೆ ನಾನು ಕೊನೆಯ ಸೀಸನ್ನಿನಿಂದಲೇ ಉತ್ತರ ಹೇಳುತ್ತೇನೆ. (ಕಥೆಯ ಕೆಲವು ತಿರುವುಗಳು ಮುಂದೆ ಬರುತ್ತವೆ.)

'ಬ್ರೇಕಿಂಗ್ ಬ್ಯಾಡ್' ಕೊನೆಯ 16 ಕಂತುಗಳು 2012 ಮತ್ತು 2013ರಲ್ಲಿ ಎರಡು ಭಾಗಗಳಾಗಿ ಬಂದವು. ಬಹುತೇಕ ಪ್ರೇಕ್ಷಕರು ಮನಸಾರೆ ಒಪ್ಪಿದ ಮುಕ್ತಾಯವದು. ಎಲ್ಲ ಲೆಕ್ಕವೂ ತೀರಾ ಅಚ್ಚುಕಟ್ಟಾಗಿ ಚುಕ್ತಾ ಆಯಿತು ಎಂಬುದೊಂದೇ ಕೆಲವರ ದೂರು.

'ದ ವೈರ್' ಸಂಗತಿ ಬೇರೆ. 2008ರ ಅದರ ಕೊನೆಯ ಹತ್ತು ಕಂತುಗಳ ಬಗ್ಗೆ ಅಭಿಮಾನಿಗಳಲ್ಲೇ ಎರಡು ಪಂಗಡ. ತನಿಖೆಗೆ ಹಣ ಹೊರಡಿಸಲು ಪತ್ತೇದಾರ ಮೆಕ್‌ನಲ್ಟಿ ಇಲ್ಲದ ಸರಣಿ ಹಂತಕನನ್ನು ಹುಟ್ಟುಹಾಕುವುದನ್ನು ಹಲವರು ನಂಬಲಿಲ್ಲ. ಕಥೆ ನಡೆಯುವ ಬಾಲ್ಟಿಮೋರ್ ನಗರದ ಶಾಲಾ ಹುಡುಗರನ್ನು ನಮ್ಮ ಮನೆಮಕ್ಕಳಂತೆ ಹಚ್ಚಿಕೊಳ್ಳುವಂತೆ ಮಾಡಿದ ನಾಲ್ಕನೇ ಸೀಸನ್ನಿನ ನಂತರ ಇದು ಇಳಿಜಾರು ಎಂದರು. ಈ ಸೀಸನ್ನಿನ ಕಥೆಯ ಒಂದು ಎಳೆ ನಡೆಯುವ 'ಬಾಲ್ಟಿಮೋರ್ ಸನ್' ಪತ್ರಿಕಾಲಯದಲ್ಲಿ ಒಳ್ಳೆಯವರು, ಕೆಟ್ಟವರು ತೀರಾ ಬೇರೆಬೇರೆಯಾಗಿ ನಿಲ್ಲುತ್ತಾರೆ ಎಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಸರಣಿಯ ಸೃಷ್ಟಿಕರ್ತ ಡೇವಿಡ್ ಸೈಮನ್ ಅದೇ ಪತ್ರಿಕೆಯ ವರದಿಗಾರರಾಗಿದ್ದವರು. ಪತ್ರಿಕೆಯ ಮೇಲಿನ ಅವರ ಸಿಟ್ಟು ತೆರೆಯ ಮೇಲೆ ಕಾಣುತ್ತದೆ. ಆದರೂ ವರ್ಷಗಟ್ಟಲೆ ಬೀದಿಯಲ್ಲಿ ನವೆದ ಮಾದಕವ್ಯಸನಿ ಬಬಲ್ಸ್ ಕೊನೆಗೆ, ಸೋದರಿ ಇರಗೊಟ್ಟ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬಂದು ಆಕೆಯ ಮನೆಯ ಊಟದ ಮೇಜಿಗೆ ಕೂರುವ ಗಳಿಗೆಗೆ ಸಮನಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಬ್ಬ ಮನುಷ್ಯನ ಪತನವನ್ನು ಉಸಿರು ಬಿಗಿಹಿಡಿದು ನೋಡಬೇಕೇ? 'ಬ್ರೇಕಿಂಗ್ ಬ್ಯಾಡ್' ಹಿಡಿಯಿರಿ. ಇಡೀ ಊರೊಂದು ಹೇಗೆ ಬದುಕುತ್ತದೆ, ಹೇಗೆ ಸೋಲುತ್ತದೆ ಎಂದು ತಿಳಿಯುವ ತಾಳ್ಮೆಯಿದ್ದರೆ 'ದ ವೈರ್'. ಐದನೇ ಸೀಸನ್ನನ್ನು ಮಾತ್ರ ಯಾರ ಮಾತು ಕೇಳಿಯೂ ಬಿಡಬೇಡಿ.