ಚಕ್ರ ಇರುವ ಸಾಮಿಲ್: ಮೂರೂವರೆ ವರ್ಷ ಓಡಿಸಿದ ಮೇಲೆ

ಯಂತ್ರ: ಸಣ್ಣ ಬ್ಯಾಂಡ್‌ಸಾ, ಅಂದರೆ ಪಟ್ಟಿಯಂಥ ಬ್ಲೇಡ್ ಅಡ್ಡ ಮಲಗಿ ಸುತ್ತುತ್ತಾ ದಿಮ್ಮಿಯನ್ನು ಉದ್ದಕ್ಕೆ ಹಲಗೆ ಮಾಡುವ ಗರಗಸ, ಪೆಟ್ರೋಲ್ ಎಂಜಿನ್, ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವಂಥದ್ದು. ಎಂಜಿನ್ ಮೀಟರ್ ಈಗ 2,100 ಗಂಟೆ ತೋರಿಸುತ್ತಿದೆ. ಜಾಗ ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಕಂಪನಿ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಅಂತೀರಿ, ಬೈದರೆ ಅವರ ಫೋನ್ ಬರುತ್ತದೆ. ಈ ಜಾತಿಯ ಯಂತ್ರಗಳೆಲ್ಲ ಸುಮಾರಾಗಿ ಒಂದೇ ಥರ ಇರುತ್ತವೆ. ಹಾಗಾಗಿ ಯಾವುದನ್ನು ಕೊಂಡರೂ ಇದು ಉಪಯೋಗಕ್ಕೆ ಬರಬಹುದು.

ನಮ್ಮದು ಅಪ್ಪನ ಕಾಲದಿಂದ ಪರವಾನಗಿ ಇರುವ ಸಾಮಿಲ್. ಹಳೆಯ ದೊಡ್ಡ ಬ್ಯಾಂಡ್‌ಸಾ, ಟ್ರಾಲಿ ತಳ್ಳುವುದಕ್ಕೇ ನಾಲ್ಕು ಜನ ಬೇಕಿತ್ತು. ಅಡಿಕೆ ಕೊಯ್ಲು ಶುರುವಾದರೆ ಆ ನಾಲ್ಕು ಜನರಲ್ಲಿ ಒಬ್ಬರೂ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಿ ತ್ರೀ ಫೇಸ್ ಕರೆಂಟ್ ಬಂದ ದಿನ ಹಬ್ಬ. ಮೋಟಾರ್ ಎರಡನೇ ಸಲ ಸುಟ್ಟಾಗ ಅದನ್ನು ತೆಗೆದು ಇದನ್ನು ತಂದೆ.

ನಿಜ ಹೇಳಬೇಕೆಂದರೆ ನನ್ನನ್ನು ಸೆಳೆದದ್ದು ಆ ಎರಡು ಚಕ್ರ. ಕೊಪ್ಪ, ಹೊಸನಗರ ಕಡೆ ತೋಟಗಳಿಗೇ ಎಳೆದುಕೊಂಡು ಹೋಗಿ, ಬಿದ್ದ ಮರದ ಪಕ್ಕದಲ್ಲೇ ಹಲಗೆ ಮಾಡಿಕೊಟ್ಟು ಬರಬಹುದು ಎಂದು ಕನಸು ಕಂಡಿದ್ದೆ. ವಿದೇಶದ ವಿಡಿಯೊಗಳಲ್ಲಿ ಹಾಗೇ ಮಾಡುತ್ತಾರಲ್ಲ. ನಮ್ಮಲ್ಲಿ ಅದು ನಡೆಯುವುದಿಲ್ಲ. ಸಾಮಿಲ್ ಪರವಾನಗಿ ಕೊಡುವುದು ಒಂದು ಜಾಗಕ್ಕೆ, ಯಂತ್ರದ ಚಕ್ರಕ್ಕಲ್ಲ. ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಸಾಮಿಲ್‌ಗಳ ಮೇಲೆ ಹಿಡಿತ ಬಿಗಿಯಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಮರದ ಉದ್ದಿಮೆಗಳಿಗೆ ಮಾರ್ಗಸೂಚಿ ತಂದಿತು. ಅದರಲ್ಲೂ ಬ್ಯಾಂಡ್‌ಸಾ ಇದ್ದರೆ ಪರವಾನಗಿ ಬೇಕೇ ಬೇಕು, ಸಣ್ಣದೋ ದೊಡ್ಡದೋ ಅನ್ನುವ ಪ್ರಶ್ನೆ ಇಲ್ಲ. ಹಳೆಯ ಯಂತ್ರದ ಬದಲು ಇದನ್ನು ದಾಖಲೆಗೆ ಸೇರಿಸುವುದಕ್ಕೇ ನಾನು ಆರು ತಿಂಗಳು ಓಡಾಡಿದೆ. ಅಷ್ಟು ದಿನ ಯಂತ್ರ ಟಾರ್ಪಾಲಿನ ಕೆಳಗೆ ಮಲಗಿತ್ತು. ಸಾಲದ ಕಂತು ಮಾತ್ರ ಮಲಗಲಿಲ್ಲ. ಯಾರಾದರೂ "ಹೊತ್ಕೊಂಡು ಹೋಗಿ ಕೊಯ್ಬಹುದು ಸಾರ್" ಎಂದು ಮಾರಲು ಬಂದರೆ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ, ಆಮೇಲೆ ಮುಂಗಡ ಕೊಡಿ. ಮರ ಕಡಿಯುವ ಅನುಮತಿ, 1976ರ ಮರ ಸಂರಕ್ಷಣಾ ಕಾಯ್ದೆ, ಅದು ಬೇರೆಯೇ ಕಥೆ. ಅದು ಮರದ ಮಾಲೀಕರ ತಲೆನೋವು. ಆದರೂ ಕಾಗದ ನೋಡದೆ ನಾನು ದಿಮ್ಮಿ ಇಳಿಸಿಕೊಳ್ಳುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ.

ಮೊದಲ ಎರಡು ತಿಂಗಳು ದಿನಕ್ಕೆ 40 ಸಿಎಫ್‌ಟಿ (ಘನ ಅಡಿ) ದಾಟಲಿಲ್ಲ. ಕ್ಯಾಟಲಾಗಿನಲ್ಲಿ ಒಂದು ಗಂಟೆಯ ಲೆಕ್ಕ ಬರೆದಿದ್ದರು. ಅದನ್ನು ಎಂಟರಿಂದ ಗುಣಿಸಿದ್ದು ನನ್ನದೇ ತಪ್ಪು. ಎಂಜಿನ್ ಶಕ್ತಿ ಸಾಲದು ಅಂದುಕೊಂಡೆ. ಬ್ಲೇಡ್ ಸರಿ ಇಲ್ಲ ಅಂದುಕೊಂಡೆ. ನಮ್ಮ ಮೇಸ್ತ್ರಿ ಅಪ್ಪನ ಕಾಲದವರು, ಹಳೆಯ ಯಂತ್ರದ ಮೇಲೆ ಅವರಿಗೆ ಪ್ರೀತಿ. "ಇದು ಆಟದ ಸಾಮಾನು ಸಣ್ಣಯ್ಯ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಕೊನೆಗೆ ಒಂದು ವಾರ ಮಗಳ ಹಳೆಯ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದೆ. ಊಟ ಬಿಟ್ಟು ಎಂಟು ಗಂಟೆ, ಅಂದರೆ 480 ನಿಮಿಷ. ಅದರಲ್ಲಿ ಬ್ಲೇಡ್ ಮರ ಕೊಯ್ದದ್ದು 160 ನಿಮಿಷ ಮಾತ್ರ. ದಿಮ್ಮಿಯನ್ನು ನೆಲದಿಂದ ಎತ್ತಿ ಯಂತ್ರದ ಹಾಸಿನ ಮೇಲೆ ಕೂರಿಸಲು 120. ತಿರುಗಿಸಿ, ಬಿಗಿದು, ಮತ್ತೆ ತಿರುಗಿಸಲು 60. ಹಲಗೆ ತೆಗೆದು ಪೇರಿಸಲು 80. ಬ್ಲೇಡ್ ಬದಲಿಸಿ ನೀರು, ಪೆಟ್ರೋಲ್ ತುಂಬಲು 40. ಉಳಿದ 20 ನಿಮಿಷ ಚಹಾ, ಫೋನು ಎಂದು ಮೇಸ್ತ್ರಿ ಬರೆಸಿದರು. ಆ ಒಂದು ಅಂಕಿಯನ್ನು ಮಾತ್ರ ನಂಬಬೇಡಿ.

ಇದರರ್ಥ ಇಷ್ಟೇ. ಎಂಜಿನ್ ಎರಡರಷ್ಟು ದೊಡ್ಡದಿದ್ದು ಕೊಯ್ತದ ಹೊತ್ತು ಅರ್ಧವಾಗಿದ್ದರೂ ಇಡೀ ದಿನದಲ್ಲಿ ನನಗೆ ಉಳಿಯುತ್ತಿದ್ದದ್ದು 80 ನಿಮಿಷ. ದಿಮ್ಮಿ ಎತ್ತುವ ಕೆಲಸ ಸುಲಭ ಮಾಡಿದರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ, ಖರ್ಚೂ ಕಡಿಮೆ.

ಹಾಗಾಗಿ ಯಂತ್ರದ ಹಾಸಿನ ಎತ್ತರಕ್ಕೇ ಒಂದು ಕಟ್ಟೆ ಕಟ್ಟಿಸಿದೆ. ಜಂಬಿಟ್ಟಿಗೆ ಕಲ್ಲು, ಮೇಲೆ ಹಳೆಯ ಟ್ರಾಲಿಯ ಎರಡು ಕಂಬಿ. ಲಾರಿಯಿಂದ ದಿಮ್ಮಿ ನೇರ ಕಟ್ಟೆಗೇ ಇಳಿಯುತ್ತದೆ. ಅಲ್ಲಿಂದ ಉರುಳಿಸಿದರೆ ಸಾಕು. ಆ ಕಡೆ ಹಲಗೆ ಪೇರಿಸುವ ಜಾಗವನ್ನೂ ಸೊಂಟದ ಎತ್ತರಕ್ಕೆ ತಂದೆ. ಬಗ್ಗುವುದು ನಿಂತಿತು. ಬೆಳಿಗ್ಗೆ ಬಂದ ಕೂಡಲೇ ಎಂಜಿನ್ ಶುರು ಮಾಡುವುದನ್ನೂ ಬಿಟ್ಟೆವು. ಮೊದಲ ಮುಕ್ಕಾಲು ಗಂಟೆ ಆ ದಿನದ ದಿಮ್ಮಿಗಳನ್ನು ಅಳತೆಗೆ ಕತ್ತರಿಸಿ, ತೊಳೆದು, ಜಾತಿವಾರು ಸಾಲು ಮಾಡುತ್ತೇವೆ. ಈಗ ಇಬ್ಬರೇ ಸೇರಿ ದಿನಕ್ಕೆ 60 ಸಿಎಫ್‌ಟಿ ಆರಾಮಾಗಿ ತೆಗೆಯುತ್ತೇವೆ. ಎಂಜಿನ್ ನಾಲ್ಕು ಗಂಟೆ ಓಡುತ್ತದೆ, 10 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ 102 ರೂಪಾಯಿ ಹಿಡಿದರೆ ಸಿಎಫ್‌ಟಿಗೆ 17 ರೂಪಾಯಿ ಎಣ್ಣೆಗೇ ಹೋಯಿತು. ಇದು ಕಡಿಮೆ ಏನಲ್ಲ. ಕರೆಂಟ್ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಆದರೆ ಜುಲೈ ತಿಂಗಳಲ್ಲಿ ಕರೆಂಟ್ ಎಲ್ಲಿರುತ್ತದೆ ಹೇಳಿ.

ಬ್ಲೇಡ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ದುಡ್ಡು ಬರುವುದೂ ಹೋಗುವುದೂ ಅಲ್ಲಿಯೇ.

ಈ ಯಂತ್ರದ ಬ್ಲೇಡ್ ಒಂದೂಕಾಲು ಇಂಚು ಅಗಲ, ಒಂದು ಮಿ.ಮೀ.ಗಿಂತ ಸ್ವಲ್ಪ ದಪ್ಪ. ಹಲ್ಲುಗಳನ್ನು ಎಡಕ್ಕೆ ಬಲಕ್ಕೆ ಅರ್ಧರ್ಧ ಮಿ.ಮೀ. ಬಗ್ಗಿಸಿರುತ್ತಾರೆ. ಒಟ್ಟು ಒಂದು ಕೊಯ್ತಕ್ಕೆ ಪುಡಿಯಾಗಿ ಹೋಗುವುದು 2 ಮಿ.ಮೀ. ಚಿಲ್ಲರೆ. ನಮ್ಮ ಹಳೆಯದು 4 ಮಿ.ಮೀ. ತಿನ್ನುತ್ತಿತ್ತು. ಎರಡು ಮಿ.ಮೀ. ಏನು ಮಹಾ ಅನಿಸುತ್ತದೆ ಅಲ್ವಾ? ಹದಿಮೂರು ಕೊಯ್ತಕ್ಕೆ ಒಂದು ಇಂಚು. ಅಂದರೆ ಒಂದು ದಪ್ಪ ದಿಮ್ಮಿಗೆ ಒಂದು ಹಲಗೆ ಪುಕ್ಕಟೆ. ಹಲಸಿನ ನಾಟ ತಂದವರು ಹಲಗೆ ಎಣಿಸುವಾಗ ಮುಖ ಅರಳುವುದು ಇದಕ್ಕೇ. ಊರಲ್ಲಿ ನಮಗೆ ಹೆಸರು ಬಂದದ್ದು ಈ ಒಂದು ಹಲಗೆಯಿಂದ.

ಸುತ್ತಳತೆಯ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ದಿಮ್ಮಿ ಅಳೆಯುವುದು ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. ನಾಲ್ಕು ಅಡಿ ಸುತ್ತಳತೆ, ಹತ್ತು ಅಡಿ ಉದ್ದ ಇದ್ದರೆ 10 ಸಿಎಫ್‌ಟಿ. ನಿಜವಾಗಿ ಆ ದಿಮ್ಮಿಯಲ್ಲಿ ಮರ ಇರುವುದು ಹನ್ನೆರಡೂ ಮುಕ್ಕಾಲು ಸಿಎಫ್‌ಟಿ ಹತ್ತಿರ. ಈ ಲೆಕ್ಕದಲ್ಲೇ ಹೊರಗಿನ ವ್ಯರ್ಥ ಕಳೆದುಹೋಗಿರುತ್ತದೆ. ಅದಕ್ಕೇ "ಹತ್ತು ಸಿಎಫ್‌ಟಿ ಕೊಟ್ಟೆ, ಎಂಟು ಬಂತು" ಎಂದರೆ ಒಳ್ಳೆಯ ಕೊಯ್ತ. ಒಂಬತ್ತು ಕೊಡುತ್ತೇನೆ ಎನ್ನುವವರ ಹತ್ತಿರ ಹುಷಾರಾಗಿರಿ.

ತೆಳು ಬ್ಲೇಡಿನ ತೊಂದರೆಯೂ ಇದೆ. ಸ್ವಲ್ಪ ಮೊಂಡಾದರೂ ಹಲಗೆಯಲ್ಲಿ ಅಲೆ ಏಳುತ್ತದೆ. ದಪ್ಪ ಬ್ಲೇಡ್ ಮೊಂಡಾದರೂ ಕೂಗಾಡಿಕೊಂಡು ನೇರ ಹೋಗುತ್ತದೆ, ಇದು ಹೋಗುವುದಿಲ್ಲ. "ಇನ್ನೊಂದು ದಿಮ್ಮಿ ಆಗಲಿ, ಆಮೇಲೆ ಬದಲಿಸೋಣ" ಎಂದು ಲೋಭ ಮಾಡಿದ ದಿನವೆಲ್ಲ ಒಂದೆರಡು ಹಲಗೆ ಹಾಳಾಗಿ ರೀಪು ಪಟ್ಟಿಗೆ ಹೋಗಿದೆ. ಈಗ ಎರಡು ಗಂಟೆ ಕೊಯ್ದರೆ ಬ್ಲೇಡ್ ಇಳಿಯಲೇಬೇಕು, ಚೆನ್ನಾಗಿದ್ದರೂ ಸರಿ. ಸಂಜೆ ಸಾಣೆ ಹಿಡಿಯುವುದು ನನ್ನ ಕೆಲಸ. ಒಂದು ಬ್ಲೇಡಿಗೆ ಐದಾರು ಸಲ ಸಾಣೆ ಆಗುತ್ತದೆ, ಆಮೇಲೆ ಹಲ್ಲಿನ ಬುಡದಲ್ಲಿ ಬಿರುಕು ಬರುತ್ತದೆ. ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಿ ಮನೆಗೆ ಹೋಗಿ. ನಾನು ಇದನ್ನು ಕಲಿಯುವುದರೊಳಗೆ ಮೂರು ಬ್ಲೇಡ್ ಹೋಗಿತ್ತು.

ಬ್ಲೇಡಿಗೆ ದೊಡ್ಡ ಶತ್ರು ಮಣ್ಣು. ತೋಟದಲ್ಲಿ ಎಳೆದು ತಂದ ದಿಮ್ಮಿಯ ತೊಗಟೆ ತುಂಬ ಕೆಂಪು ಮಣ್ಣು, ಸಣ್ಣ ಕಲ್ಲು. ಒಂದು ಪ್ರೆಶರ್ ವಾಷರ್ ತಂದ ಮೇಲೆ ಬ್ಲೇಡಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ಎರಡನೆಯದು ಮೊಳೆ. ಬೇಲಿ ಸಾಲಿನ ಮರದೊಳಗೆ ಮುಳ್ಳುತಂತಿ ಸೇರಿಕೊಂಡಿರುತ್ತದೆ, ಹೊರಗೆ ಸುಳಿವೇ ಇರುವುದಿಲ್ಲ. ಹಳೆಯ ಮನೆ ಬಿಚ್ಚಿದ ತೊಲೆ, ಕಂಬ ತರುವವರು ಈಗ ಜಾಸ್ತಿ. ಆ ಮತ್ತಿ, ಹೊನ್ನೆ ಮರದೊಳಗೆ ಕಮ್ಮಾರರು ಬಡಿದು ಮಾಡಿದ ದಪ್ಪ ಮೊಳೆಗಳು ಇರುತ್ತವೆ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದನ್ನು ಇಟ್ಟುಕೊಂಡಿದ್ದೇನೆ. ಆದರೂ ಮೊಳೆ ಸಿಕ್ಕಿ ಬ್ಲೇಡ್ ಹೋದರೆ ಅದರ ದುಡ್ಡು ಮರದವರೇ ಕೊಡಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಖ ಸಣ್ಣ ಮಾಡುತ್ತಾರೆ, ಮಾಡಲಿ.

ಮರದ ಜಾತಿಗೆ ತಕ್ಕಂತೆ ಯಂತ್ರದ ಸ್ವಭಾವವೂ ಬದಲಾಗುತ್ತದೆ. ಸಿಲ್ವರ್ ಓಕ್ ಬೆಣ್ಣೆ. ಹಸಿ ಹಲಸಿನ ಮೇಣ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ತೊಟ್ಟಿಕ್ಕುವ ನೀರಿಗೆ ಸ್ವಲ್ಪ ಸೋಪು ಬೆರೆಸಿದರೆ ತೊಂದರೆ ಇಲ್ಲ. ಒಣ ಮತ್ತಿಗೆ ತಾಳ್ಮೆ ಬೇಕು, ತಳ್ಳಿದರೆ ಬ್ಲೇಡ್ ಮೇಲಕ್ಕೆ ಹತ್ತುತ್ತದೆ. ಅಕೇಶಿಯಾ ಮಾತ್ರ ಕೊಯ್ಯುವಾಗಲೇ ಕಣ್ಣೆದುರು ಬಿಲ್ಲಿನ ಹಾಗೆ ಬಾಗುತ್ತದೆ. ಮರದೊಳಗಿನ ಬಿಗಿತ ಬಿಡುವುದರಿಂದ ಹಾಗಾಗುತ್ತದೆ. ಒಂದೇ ಕಡೆಯಿಂದ ಕೊಯ್ಯುತ್ತಾ ಹೋಗಬಾರದು. ಎರಡು ಹಲಗೆಗೊಮ್ಮೆ ತಿರುಗಿಸಿ ಎದುರು ಬದಿಯಿಂದ ತೆಗೆಯಬೇಕು. ಹೊತ್ತು ಹಿಡಿಯುತ್ತದೆ, ಅದಕ್ಕೇ ಅಕೇಶಿಯಾಕ್ಕೆ ನನ್ನ ದರ ಬೇರೆ.

ಇನ್ನು ದೂರುಗಳು. ದೊಡ್ಡ ಮಾವಿನ ದಿಮ್ಮಿ ಇದರೊಳಗೆ ಹೋಗುವುದಿಲ್ಲ. 28 ಇಂಚು ದಪ್ಪಕ್ಕೆ ಮುಗಿಯಿತು. ಅದಕ್ಕಿಂತ ದೊಡ್ಡದನ್ನು ಚೈನ್‌ಸಾದಲ್ಲಿ ಸೀಳಿಕೊಳ್ಳಬೇಕು. ಆಗ ಉಳಿಸಿದ ಹಲಗೆಯೆಲ್ಲ ಪುಡಿಯಲ್ಲೇ ಹೋಯಿತು. ಅಳತೆಯ ಪಟ್ಟಿ ಬರೀ ಸ್ಟಿಕ್ಕರ್, ಒಂದೇ ವರ್ಷದಲ್ಲಿ ಅಳಿಸಿಹೋಯಿತು. ಈಗ ಸ್ಟೀಲ್ ಸ್ಕೇಲ್ ಸ್ಕ್ರೂ ಹಾಕಿ ಕೂರಿಸಿದ್ದೇನೆ. ಮಳೆಗಾಲದಲ್ಲಿ ಬೆಲ್ಟ್ ಜಾರುತ್ತದೆ. ಪುಣ್ಯಕ್ಕೆ ಅದು ಎಲ್ಲೆಡೆ ಸಿಗುವ ವಿ-ಬೆಲ್ಟ್, ಶಿವಮೊಗ್ಗದಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಬ್ಲೇಡ್ ಹಾಗಲ್ಲ, ಕೊರಿಯರ್‌ನಲ್ಲೇ ಬರಬೇಕು. ಮಾರಿದವರ ಸರ್ವಿಸ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಯಾಕೆಂದರೆ ಅವರು ಬಂದದ್ದೇ ಇಲ್ಲ. ಫೋನಿನಲ್ಲಿ ವಿಡಿಯೊ ಕಳಿಸಿ ಅಂತಾರೆ, ಕಳಿಸಿದರೆ ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೆಲ. ಆಗುಂಬೆ ನಮಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ನೆಲ ಮೆತ್ತಗಾಗುವುದಕ್ಕೆ ಸಾಕು. ಮೊದಲ ಮಳೆಗಾಲದಲ್ಲಿ ಯಂತ್ರದ ಒಂದು ಕಾಲು ಸುಮ್ನೆ ಅರ್ಧ ಇಂಚು ಕುಸಿಯಿತು. ಕಣ್ಣಿಗೆ ಗೊತ್ತಾಗಲಿಲ್ಲ. ದಿಮ್ಮಿ ತಿರುಗಿಸಿ ಕೊಯ್ದಾಗ ಕೊನೆಯ ಹಲಗೆ ಒಂದು ಕಡೆ ಇಂಚು, ಇನ್ನೊಂದು ಕಡೆ ಮುಕ್ಕಾಲು. ಒಬ್ಬರ ಮನೆಯ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಕೊಯ್ದದ್ದು ಇಡೀ ಲೋಡ್ ಹಾಳಾಯಿತು. ಆಚಾರ್ರು ಹಲಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಏನೂ ಹೇಳದೆ ಕೆಳಗಿಟ್ಟರು. ಬೈದಿದ್ದರೆ ಪರವಾಗಿರಲಿಲ್ಲ. ನನ್ನ ಕೈಯಿಂದ ಬೇರೆ ಹಲಸು ಕೊಡಿಸಿದೆ.

ಆಮೇಲೆ ಆರು ಕಾಲಿಗೂ ಗುಂಡಿ ತೋಡಿಸಿ ಕಾಂಕ್ರೀಟ್ ಹಾಕಿಸಿ ಬೋಲ್ಟ್ ಬಿಗಿದೆ. ಮೇಲೆ ಶೀಟ್ ಹೊದಿಸಿದೆ. ಮೇಸ್ತ್ರಿ ಸಿಮೆಂಟ್ ಕಲಸುತ್ತಾ, "ಹೊತ್ಕೊಂಡು ಹೋಗೋ ಮಿಲ್ಲು ಅಂದ್ರಲ್ಲ ಸಣ್ಣಯ್ಯ" ಎಂದು ನಕ್ಕರು. ಅದಾದ ಮೇಲೆ ಆಟದ ಸಾಮಾನು ಅನ್ನುವುದನ್ನು ಮಾತ್ರ ಬಿಟ್ಟಿದ್ದಾರೆ.

ಉಪ ಆದಾಯದ ಬಗ್ಗೆ ಕೇಳುವವರಿಗೆ: ತೊಗಟೆ ಕಡೆಯ ಚೂರುಗಳು ಅಡಿಕೆ ಬೇಯಿಸುವ ಹೊತ್ತಿಗೆ ಒಂದೂ ಉಳಿಯುವುದಿಲ್ಲ, ಹಂಡೆ ಒಲೆಗೆಂದು ಒಯ್ಯುತ್ತಾರೆ. ಹೊಟ್ಟನ್ನು ಕೊಟ್ಟಿಗೆಗೆ ಹಾಸಲು ಕೇಳುತ್ತಾರೆ. ಈ ಬ್ಲೇಡಿನ ಹೊಟ್ಟು ತುಂಬ ನಯ, ಮಾಸ್ಕ್ ಇಲ್ಲದೆ ಕೆಲಸ ಮಾಡಬೇಡಿ. ಕಿವಿಗೂ ಏನಾದರೂ ಹಾಕಿಕೊಳ್ಳಿ. ನನ್ನ ಎಡಕಿವಿ ಈಗ ಸಂಜೆ ಹೊತ್ತು ಗುಂಯ್ ಅನ್ನುತ್ತದೆ.

ಮತ್ತೆ ಕೊಳ್ಳುತ್ತೀರಾ ಎಂದರೆ, ಕೊಳ್ಳುತ್ತೇನೆ. ಇಬ್ಬರೇ ಇದ್ದಾಗ, ಕರೆಂಟ್ ಇಲ್ಲದಾಗ ಮಿಲ್ಲು ನಡೆಯುತ್ತಿದೆಯಲ್ಲ, ಅದಕ್ಕೆ. ಪರವಾನಗಿ ಇಲ್ಲದವರು ಇತ್ತ ತಿರುಗಿಯೂ ನೋಡಬೇಡಿ. ಇದ್ದವರು ಟ್ರೈಲರ್ ಇಲ್ಲದ ಮಾದರಿ ಕೇಳಿ, ಅದು ಅಗ್ಗ. ಉಳಿದ ದುಡ್ಡಿನಲ್ಲಿ ಕಟ್ಟೆ ಕಟ್ಟಿಸಿ, ಸಾಣೆ ಯಂತ್ರ ತನ್ನಿ, ಹತ್ತು ಬ್ಲೇಡ್ ಒಟ್ಟಿಗೆ ತರಿಸಿಕೊಳ್ಳಿ.

ಚಕ್ರಗಳನ್ನು ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಆಕ್ಸಲ್ ಸಮೇತ ಕೊಡುತ್ತೇನೆ, ಪವರ್ ಟಿಲ್ಲರ್ ಟ್ರೈಲರಿಗೆ ಆಗಬಹುದು. ಟೈರ್ ಹೊಸದೇ. ಓಡಿರುವುದು ಶಿವಮೊಗ್ಗದಿಂದ ಇಲ್ಲಿಯವರೆಗೆ, ಒಂದೇ ಸಲ.