‘ಹಾವು ಖಾತ್ರಿ’ ಎನ್ನುವ ಮಳೆಕಾಡು ಪ್ರವಾಸಕ್ಕೆ ಹಣ ಕಟ್ಟುವ ಮುನ್ನ

ಗೋವಾದ ವಾಸ್ಕೊ, ಮಡಗಾಂವ್, ಫೋಂಡಾದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಮಳೆ ಹಿಡಿಯಿತೆಂದರೆ ಒಂದು ಜಾಹೀರಾತು ಸುತ್ತತೊಡಗುತ್ತದೆ. ಸಹ್ಯಾದ್ರಿಯ ಮಳೆಕಾಡಿನಲ್ಲಿ ರಾತ್ರಿ ನಡಿಗೆ, ಗುಳಿಮಂಡಲ ಹಾವು ಮತ್ತು ಹಾರುಗಪ್ಪೆ ಖಾತ್ರಿ, ಕಾಣದಿದ್ದರೆ ರೊಕ್ಕ ವಾಪಸ್. ಈ ಜುಲೈನಲ್ಲಿ ಸತ್ತರಿ ತಾಲೂಕಿನ ಕಡೆ ಹೋದ ಅಂಥದೊಂದು ತಂಡದಲ್ಲಿ ನಾವೂ ಇದ್ದೆವು. ತಲೆಗೆ 2,400 ರೂಪಾಯಿ, ಹದಿನೆಂಟು ಜನ, ಒಬ್ಬನೇ ಗೈಡ್. ಹೇಳಿದ ಹಾವೂ ಕಂಡಿತು, ಕಪ್ಪೆಯೂ ಕಂಡಿತು. ಎರಡನ್ನೂ ಬೇರೆ ಕಡೆಯಿಂದ ಹಿಡಿದು ತಂದು ಕೂರಿಸಿದ್ದರು.

ಮೊದಲ ಸಲ ಕಾಡಿಗೆ ಬರುವವರಿಗೆ ಇದು ಗೊತ್ತಾಗುವುದಿಲ್ಲ, ಆದ್ದರಿಂದ ಗುರುತು ಹಿಡಿಯುವ ಬಗೆಯನ್ನು ಬಿಡಿಸಿ ಹೇಳುತ್ತೇವೆ. ಮಲಬಾರ್ ಗುಳಿಮಂಡಲ ಹೊಂಚು ಹಾಕಿ ಬೇಟೆಯಾಡುವ ಹಾವು. ಹಳ್ಳದ ಬದಿಯ ಕಲ್ಲಿನ ಮೇಲೋ ಪೊದೆಯಲ್ಲೋ ಸುರುಳಿ ಸುತ್ತಿ, ತಲೆಯನ್ನು ಸುರುಳಿಯ ಮೇಲಿಟ್ಟು, ತಾಸುಗಟ್ಟಲೆ ಅಲುಗಾಡದೆ ಕೂತಿರುತ್ತದೆ. ಒಂದೇ ಜಾಗದಲ್ಲಿ ದಿನಗಟ್ಟಲೆ ಸಿಗುವುದೂ ಉಂಟು, ಹಾಗಾಗಿ ‘ನಿನ್ನೆ ಇಲ್ಲೇ ಇತ್ತು’ ಎನ್ನುವ ಗೈಡ್ ಸುಳ್ಳು ಹೇಳುತ್ತಿದ್ದಾನೆ ಎಂದೇನಲ್ಲ. ಹಿಡಿದು ತಂದ ಹಾವಿನ ನಡತೆ ಬೇರೆ. ನಾಲಿಗೆಯನ್ನು ಬಿಡದೆ ಆಡಿಸುತ್ತದೆ, ಬಾಲ ನಡುಗಿಸುತ್ತದೆ, ಹೇಗಾದರೂ ಟೊಂಗೆ ಇಳಿದು ಮರೆಯಾಗಲು ನೋಡುತ್ತದೆ. ನಮ್ಮ ಗೈಡ್ ಅದನ್ನು ಕೋಲಿನಿಂದ ಮತ್ತೆ ಮತ್ತೆ ಮೇಲೆತ್ತಿ ಕೂರಿಸುತ್ತಿದ್ದ. ಹಸಿರು, ಹಳದಿ, ಕಂದು, ಹೀಗೆ ಮೂರು ಬಣ್ಣದ ಮೂರು ಹಾವು ಹತ್ತು ಹೆಜ್ಜೆಯೊಳಗೆ; ಮೂರೂ ಎದೆಯೆತ್ತರದಲ್ಲಿ, ಕ್ಯಾಮೆರಾಕ್ಕೆ ಒಂದು ಎಲೆಯೂ ಅಡ್ಡ ಬರದ ಟೊಂಗೆಗಳಲ್ಲಿ. ಈ ಹಾವಿಗೆ ಇಷ್ಟೂ ಬಣ್ಣಗಳಿರುವುದು ನಿಜ. ಆದರೆ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಸಿಕ್ಕರೆ ಸಂಶಯ ಪಡಲೇಬೇಕು.

ಹಾರುಗಪ್ಪೆಯದೂ ಇದೇ ಕತೆ. ಮಳೆಗಾಲದಲ್ಲಿ ಗಂಡು ಹೊಂಡದ ಮೇಲೆ ಬಾಗಿದ ಟೊಂಗೆಯಲ್ಲಿ ಕೂತು ಕೂಗುತ್ತದೆ. ಹೆಣ್ಣು ಅಲ್ಲೇ ಎಲೆಗಳ ನಡುವೆ ನೊರೆಗೂಡು ಕಟ್ಟಿ ಮೊಟ್ಟೆ ಇಡುತ್ತದೆ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ನೀರು, ಕೂಗು, ನೊರೆಗೂಡು ಮೂರೂ ಇರುವ ಕಡೆ ಕಾದರೆ ಕಪ್ಪೆ ತಾನಾಗಿ ಕಾಣುತ್ತದೆ. ನಮಗೆ ತೋರಿಸಿದ್ದು ತಂಗಿದ್ದ ಮನೆಯ ಅಂಗಳದ ಕೆಂಪು ಹೆಲಿಕೋನಿಯಾ ಹೂವಿನ ಮೇಲೆ. ಹತ್ತಿರದಲ್ಲಿ ಹೊಂಡವೇ ಇರಲಿಲ್ಲ. ಕಪ್ಪೆಯ ಬೆನ್ನಿಗೆ ಚೀಲದ ನೂಲಿನ ಎಳೆ ಅಂಟಿತ್ತು.

ಫೋಟೊ ಚೆನ್ನಾಗಿ ಬಂತಲ್ಲ, ಅದರಲ್ಲೇನು ಎಂದು ತಂಡದಲ್ಲೇ ಕೆಲವರು ಕೇಳಿದರು. ಕಪ್ಪೆ ತನ್ನ ತೊಗಲಿನ ಮೂಲಕವೂ ಉಸಿರಾಡುತ್ತದೆ, ನೀರು ಹೀರುತ್ತದೆ. ನಮ್ಮ ಕೈಗೆ ಹಚ್ಚಿಕೊಂಡ ಸೊಳ್ಳೆ ಮುಲಾಮು, ಬೆವರಿನ ಉಪ್ಪು, ಸ್ಯಾನಿಟೈಸರ್ ನೇರವಾಗಿ ಅದರ ಮೈಗೆ ಇಳಿಯುತ್ತವೆ. ಲೋಕದ ಎಷ್ಟೋ ಕಡೆ ಕಪ್ಪೆಗಳನ್ನು ಅಳಿಸಿಹಾಕಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒಂದು ಹಳ್ಳದ ಕಪ್ಪೆಯನ್ನು ಅದೇ ಒದ್ದೆ ಚೀಲದಲ್ಲಿ ಇನ್ನೊಂದು ಕಡೆಗೆ ಒಯ್ಯುವುದೆಂದರೆ ರೋಗಕ್ಕೆ ಗಾಡಿ ಕಟ್ಟಿಕೊಟ್ಟಂತೆ. ಮಹದಾಯಿ ಮತ್ತು ಗೋವಾದ ಹೆಸರು ಹೊತ್ತ ಎರಡು ಬಗೆಯ ಸಿಸಿಲಿಯನ್‌ಗಳು, ಅಂದರೆ ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಉಭಯಚರಗಳು, ಜಗತ್ತಿಗೆ ಗೊತ್ತಾದದ್ದೇ 2007ರಲ್ಲಿ. ಅಂಥ ಜೀವಿಗಳಿರುವ ನೆಲದಲ್ಲಿ ಈ ಗೈಡ್ ಕಂಡ ಕಂಡ ಕಲ್ಲನ್ನು ಒದ್ದು ಮಗುಚುತ್ತಿದ್ದ, ಒಂದನ್ನೂ ಮರಳಿ ಇಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಸೇರಿದೆ. ಸಿಕ್ಕಿಬಿದ್ದರೆ ಪಕ್ಕದಲ್ಲಿ ನಿಂತು ಫೋಟೊ ತೆಗೆದವರನ್ನೂ ಕರೆದು ವಿಚಾರಿಸಬಹುದು.

ನಿಜವಾಗಿ ಎದೆ ಝಲ್ಲೆಂದದ್ದು ಗೈಡ್ ಒಬ್ಬ ಹೆಣ್ಣುಮಗಳ ಕೈಗೆ ಹಾವಿನ ಕೋಲು ಕೊಟ್ಟಾಗ. ‘ಬರ್ರಿ ಅಕ್ಕಾರ, ಇದರ ವಿಷ ಏನೂ ಮಾಡಂಗಿಲ್ಲ, ಹಿಡಕೊಂಡು ಫೋಟೊ ತಗಸ್ರಿ.’ ಈ ಹಾವು ಕಚ್ಚಿ ಸತ್ತವರು ಅಪರೂಪ, ಅಷ್ಟು ಮಟ್ಟಿಗೆ ಸರಿ. ಆದರೆ ವಿಪರೀತ ನೋವು ಮತ್ತು ಬಾವು ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಲ್ಕು ಹಾವುಗಳ ವಿಷಕ್ಕೆಂದೇ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಅದೇ ಕಾಡಿನ ತರಗೆಲೆಯಲ್ಲಿ ಮೂತಿ ಮೇಲೆದ್ದ ಸಣ್ಣ ಕಂದು ಗುಳಿಮಂಡಲವೂ ಇರುತ್ತದೆ. ಅದು ಕಚ್ಚಿದರೆ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡಕ್ಕೇ ಪೆಟ್ಟಾದ ಉದಾಹರಣೆಗಳಿವೆ. ನಮ್ಮ ತಂಡದಲ್ಲಿ ಆರು ಜನ ಚಪ್ಪಲಿಯಲ್ಲಿ ಬಂದಿದ್ದರು. ಯಾರೂ ತಡೆಯಲಿಲ್ಲ.

ಹಾವು ಎಷ್ಟೇ ಚಿಕ್ಕದಿರಲಿ, ಎರಡು ಮೀಟರ್ ದೂರ ಇರಿ. ಗುಳಿಮಂಡಲಕ್ಕೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಶಾಖ ಗುರುತಿಸುವ ಗುಳಿ ಇದೆ, ಕತ್ತಲಲ್ಲೂ ಗುರಿಯಿಡಬಲ್ಲದು. ಕಚ್ಚಿದರೆ ಉಂಗುರ, ಬಳೆ, ವಾಚು ಬಿಚ್ಚಿ. ಕೈಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಹೊತ್ತು ತನ್ನಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ಹಾವನ್ನು ಹಿಡಿದು ತರುವುದೂ ಬೇಡ, ದೂರದಿಂದ ತೆಗೆದ ಒಂದು ಫೋಟೊ ಸಾಕು. 108ಕ್ಕೆ ಕರೆ ಮಾಡಬೇಕು, ಆದರೆ ಸತ್ತರಿಯ ಒಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಕೊನೆಯ ಸಿಗ್ನಲ್ ಎಲ್ಲಿ ಸಿಕ್ಕಿತೆಂದು ಹೋಗುವಾಗಲೇ ನೋಡಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನದು. ಮಳೆಯಲ್ಲಿ, ರಾತ್ರಿ, ಅಲ್ಲಿಗೆ ಎಷ್ಟು ಹೊತ್ತು ಬೇಕೆಂದು ಹೊರಡುವ ಮುಂಚೆಯೇ ಲೆಕ್ಕ ಹಾಕಿ.

ಮರಳುವಾಗ ಹಳ್ಳ ಏರಿತ್ತು. ಹೋಗುವಾಗ ಪಾದ ಮುಳುಗುವಷ್ಟಿದ್ದ ನೀರು ಎರಡು ತಾಸಿನಲ್ಲಿ ತೊಡೆಮಟ್ಟ. ನಾವಿದ್ದಲ್ಲಿ ಹನಿಮಳೆ ಅಷ್ಟೇ, ಸುರಿದದ್ದು ಮೇಲೆ ಘಟ್ಟದಲ್ಲಿ. ಅಂದು ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಇತ್ತು, ಅದನ್ನು ತಂಡಕ್ಕೆ ಹೇಳಿರಲಿಲ್ಲ. ತಿಳಿನೀರು ಕೆಂಪಾಗುವುದು, ಎಲೆ ಕಡ್ಡಿಗಳು ಒಮ್ಮೆಲೇ ತೇಲಿ ಬರುವುದು, ಕಲ್ಲುಗಳ ನಡುವಿನ ಜುಳುಜುಳು ಅಡಗಿ ಭೋರ್ಗರೆತ ಶುರುವಾಗುವುದು, ಇವುಗಳಲ್ಲಿ ಒಂದು ಕಂಡರೂ ದಾಟಬೇಡಿ. ಮೊಣಕಾಲು ಮೀರಿದ ಹರಿವು ದೊಡ್ಡವರನ್ನೂ ಉರುಳಿಸುತ್ತದೆ. ಗೈಡ್ ಬಳಿ ಹಗ್ಗ ಇರಲಿಲ್ಲ, ಇದ್ದದ್ದು ಒಂದು ಟಾರ್ಚ್. ಕೈಕೈ ಹಿಡಿದು ದಾಟೋಣ ಎಂದ ಅವನ ಮಾತು ಕೇಳದೆ ಒಂದೂವರೆ ತಾಸು ಎತ್ತರದ ಬಂಡೆಯ ಮೇಲೆ ಕೂತದ್ದರಿಂದ ಎಲ್ಲರೂ ಮನೆ ಸೇರಿದ್ದೇವೆ.

ಇಂಬಳಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒತ್ತಾಗಿ ನೇಯ್ದ ಉದ್ದ ಕಾಲುಚೀಲ ಹಾಕಿ, ಕಚ್ಚಿದರೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ. ಬೂಟಿಗೆ ಉಪ್ಪು, ಸುಣ್ಣ, ತಂಬಾಕಿನ ನೀರು ಬಳಿದರೆ ಅದು ತೊಳೆದು ಹೋಗಿ ಸೇರುವುದು ಗೊದಮೊಟ್ಟೆಗಳ ಹೊಂಡವನ್ನೇ. ಡಿಸೆಂಬರಿನಿಂದ ಮೇವರೆಗೆ ಹೋಗುವವರು ಇಂಬಳಕ್ಕಿಂತ ರಕ್ತ ಹೀರುವ ಉಣ್ಣೆ ಹುಳುವಿಗೆ ಹೆದರಬೇಕು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಸತ್ತರಿಯಲ್ಲೂ ಕಾಣಿಸಿಕೊಂಡಿದೆ.

ಹಣ ಕಟ್ಟುವ ಮುಂಚೆ ಅರಣ್ಯ ಇಲಾಖೆಯ ಪರವಾನಗಿಯ ಪ್ರತಿ ಕೇಳಿ, ಅದರಲ್ಲಿ ದಿನಾಂಕ, ಜಾಗ, ಹೊತ್ತು ನೋಡಿ. ಅಭಯಾರಣ್ಯದ ಹಗಲಿನ ಟಿಕೆಟ್ ರಾತ್ರಿ ನಡಿಗೆಗೆ ಪರವಾನಗಿ ಅಲ್ಲ. ಒಬ್ಬ ಗೈಡ್‌ಗೆ ಎಂಟು ಜನಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ‘ಏನೂ ಕಾಣದೆ ಇರಬಹುದು’ ಎಂದು ಮೊದಲೇ ಹೇಳುವವರನ್ನು ನಂಬಿ. ಅಲರ್ಟ್ ಬಂದರೆ ನಡಿಗೆ ರದ್ದಾಗುತ್ತದೋ, ಹಣ ಮರಳುತ್ತದೋ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಹಿಡಿದು ತಂದದ್ದು ಕಣ್ಣಿಗೆ ಬಿದ್ದರೆ ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಚೀಲ, ಕೋಲು, ಗಾಡಿಯ ನಂಬರು ಬರುವಂತೆ ವಿಡಿಯೊ ಮಾಡಿ, ಸಮಯ ಮತ್ತು ಜಾಗ ಬರೆದು ಹತ್ತಿರದ ವಲಯ ಅರಣ್ಯ ಕಚೇರಿಗೆ ಕೊಡಿ. ಹಣದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಾವು ಎರಡೂ ಕಡೆ ದೂರು ಕೊಟ್ಟಿದ್ದೇವೆ. ‘ಹಾವು ಕಂಡಿದೆಯಲ್ಲ, ಮತ್ತೇನು’ ಎಂದು ಆಯೋಜಕರು ಉತ್ತರಿಸಿದ್ದಾರೆ. ಆಗಸ್ಟ್ 15ರ ರಜೆಗೆ ಅದೇ ಜಾಹೀರಾತು ಮತ್ತೆ ಬಂದಿದೆ, ಈ ಸಲ ತಲೆಗೆ 2,800.