ಹೊಸ ಡಿಸ್ಕ್ ಅಂತ ದುಡ್ಡು, ಚಕ್ರ ಬಿಚ್ಚಿದರೆ ಹಳೆಯದಕ್ಕೇ ಬಣ್ಣ

ರಿಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸೋದು), ಗಾಡಿ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್, ದೊಡ್ಡ ಅಲಾಯ್ ಚಕ್ರ ಇರುವ ಗಾಡಿ ನಿಮ್ಮದಾಗಿದ್ದು, ಮುಂದಿನ ಚಕ್ರಗಳ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ಸುತ್ತುವ ತಟ್ಟೆ) ಮತ್ತು ಪ್ಯಾಡ್ (ಅದನ್ನು ಒತ್ತಿ ನಿಲ್ಲಿಸುವ ಬಿಲ್ಲೆ) ಬದಲಾಯಿಸೋಕೆ ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ. ಆದರೆ ಅವರು ಮಾಡಿದ್ದು ಏನು, ಕೇಳಿದಾಗ ಹೇಳಿದ್ದು ಏನು ಅನ್ನೋದನ್ನು ಪೂರ್ತಿ ಬರೆಯುತ್ತೇನೆ.

ನನ್ನದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಹಳೆಯ 1.2 ಎಂಜಿನ್, ಆಟೋಮ್ಯಾಟಿಕ್ ಡಿಎಸ್‌ಜಿ ಗೇರ್‌ಬಾಕ್ಸ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮೊದಲ ಓನರ್ ಸ್ಟೇಜ್ 1, ಅಂದರೆ ಮೊದಲ ಹಂತದ ರಿಮ್ಯಾಪ್ ಮಾಡಿಸಿದ್ದರು, 17 ಇಂಚಿನ ಅಲಾಯ್ ಹಾಕಿಸಿದ್ದರು, ಗಾಡಿಯನ್ನು ಸ್ವಲ್ಪ ತಗ್ಗಿಸಿದ್ದರು. ಕಂಪನಿ ಲೆಕ್ಕದಲ್ಲಿ 105 ಪಿಎಸ್ ಪವರ್ ಇದ್ದದ್ದು ಈಗ ಅದಕ್ಕಿಂತ ಸಾಕಷ್ಟು ಜಾಸ್ತಿ. ಬ್ರೇಕ್ ಮಾತ್ರ ಕಂಪನಿಯದೇ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಇಂಥ ಗಾಡಿಯಲ್ಲಿ ಎಳೆತ ಹೆಚ್ಚಾದಷ್ಟೂ ಮುಂದಿನ ಡಿಸ್ಕ್‌ಗಳ ಮೇಲೆ ಹೊರೆ ಬೀಳುತ್ತೆ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಅದರಲ್ಲಿ ಹೆಚ್ಚಿನ ಪಾಲು ಶಾಖವಾಗಿ ಆ ಎರಡು ಕಬ್ಬಿಣದ ತಟ್ಟೆಗಳಿಗೇ ಹೋಗುತ್ತೆ. ತಟ್ಟೆ ತೆಳ್ಳಗಾದಷ್ಟೂ ಬೇಗ ಕಾಯುತ್ತೆ.

ಡಿಸ್ಕ್ ಸವೆದಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಏಣು ಎದ್ದಿತ್ತು. ಪ್ಯಾಡ್ ಕಿರುಚುತ್ತಿತ್ತು. ಮಾಡಿಫೈಡ್ ಗಾಡಿಗಳಿಗೇ ಹೆಸರಾದ ಬೆಂಗಳೂರಿನ ಒಂದು ಗ್ಯಾರೇಜಿಗೆ ಕೊಟ್ಟೆ. ಕೆಲಸ ಮಾತಾಡಿದ್ದು ಹೀಗೆ: ಮುಂದಿನ ಎರಡೂ ಡಿಸ್ಕ್ ಹೊಸದು, ಪ್ಯಾಡ್ ಸೆಟ್ ಹೊಸದು, ಬ್ರೇಕ್ ಆಯಿಲ್ ಪೂರ್ತಿ ಬದಲು. ಸಂಜೆ ಗಾಡಿ ರೆಡಿ ಅಂತ ಫೋನ್ ಬಂತು. ಅಲಾಯ್ ಕಡ್ಡಿಗಳ ಸಂದಿಯಲ್ಲಿ ನೋಡಿದರೆ ಡಿಸ್ಕ್ ಫಳಫಳ ಅನ್ನುತ್ತಿತ್ತು. ನಡುವಿನ ಟೋಪಿ ಭಾಗ ಕಪ್ಪು ಬಣ್ಣದಲ್ಲಿ ನೀಟಾಗಿತ್ತು. ಹಳೆಯ ಸಾಮಾನು ಎಲ್ಲಿ ಅಂತ ಕೇಳಿದೆ. "ಗುಜರಿಯವನು ಬಂದಿದ್ದ ಸಾರ್, ಎಲ್ಲಾ ಒಟ್ಟಿಗೆ ಹಾಕಿಬಿಟ್ವಿ" ಅಂದರು. ಎಸ್ಟಿಮೇಟ್ ಬರೆದ ಹಾಳೆಯ ಮೇಲೇ ಪೇಯ್ಡ್ ಅಂತ ಬರೆದುಕೊಟ್ಟರು.

ಕೆಲವು ವಾರ ಎಲ್ಲಾ ಚೆನ್ನಾಗಿಯೇ ಇತ್ತು. ಆಮೇಲೆ ನೈಸ್ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಸಣ್ಣಗೆ ನಡುಗೋಕೆ ಶುರುವಾಯಿತು. ಫೋನ್ ಮಾಡಿದರೆ "ಹೊಸ ಪ್ಯಾಡ್ ಅಲ್ವಾ ಸಾರ್, ಸೆಟ್ ಆಗ್ಬೇಕು" ಎಂಬ ಉತ್ತರ.

ನಿಜ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಮನೆಯವರು, ಮಗಳ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯೋಕೆ ಶುರು ಮಾಡಿದೆವು. ಗೇರ್ ಮ್ಯಾನ್ಯುವಲ್‌ಗೆ ಹಾಕಿ ಎರಡನೆಯದರಲ್ಲೇ ಇಟ್ಟಿದ್ದೆ, ಮುಂದೆ ಒಂದು ಸರ್ಕಾರಿ ಬಸ್ಸು, ವೇಗವೇನೂ ಇರಲಿಲ್ಲ. ಮೊದಲ ಕೆಲವು ತಿರುವುಗಳಲ್ಲಿ ಬರೀ ನಡುಕ. ಆಮೇಲೆ ಹಿಂದಿನ ಸೀಟಿನಿಂದ "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಅಂತ ಮನೆಯವರು ಕೇಳಿದರು. ಬಸ್ಸಿನದ್ದಿರಬೇಕು ಅಂದೆ. ಮುಂದಿನ ತಿರುವಿನಲ್ಲಿ ಪೆಡಲ್ ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಇನ್ನೂ ಕೆಳಗೆ ಹೋಯಿತು. ಸ್ಪಂಜು ತುಳಿದ ಹಾಗೆ ಮೆತ್ತಗೆ. ಎರಡು ಸಲ ಪಂಪ್ ಮಾಡಿದ ಮೇಲೆ ಗಾಡಿ ಹಿಡಿಯಿತು. ಎಡಕ್ಕೆ ಸ್ವಲ್ಪ ಅಗಲದ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿಬಿಟ್ಟೆ. ಚಕ್ರದ ಹತ್ತಿರ ಕೈ ಒಡ್ಡೋಕೆ ಆಗುತ್ತಿರಲಿಲ್ಲ, ಅಷ್ಟು ಝಳ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಘಾಟಿಯಲ್ಲಿ ಬ್ರೇಕ್ ಎರಡು ರೀತಿ ಕೈಕೊಡುತ್ತೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದು ಪೈಪಿನಲ್ಲಿ ಆವಿ ತುಂಬಿದೆ ಅಂತ. ಎರಡನೆಯದು ಜಾಸ್ತಿ ಅಪಾಯ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದು ಗಾಳಿಯ ತೇವ ಹೀರುತ್ತಾ ಹೋಗುತ್ತೆ. ತೇವ ಹಿಡಿದ ಆಯಿಲ್‌ಗೆ ಇರುವ ಮಿತಿ 155 ಡಿಗ್ರಿ ಮಾತ್ರ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು. ಕಾದ ಡಿಸ್ಕ್ ಮೇಲೆ ಮಾತ್ರ ನೀರು ಸುರಿಯಬೇಡಿ. ಬಿರುಕು ಬಿಡಬಹುದು. ನಮ್ಮನ್ನು ನೋಡಿ ನಿಂತ ಒಬ್ಬರು ಬಿಸ್ಲೇರಿ ಬಾಟಲಿ ಹಿಡಿದುಕೊಂಡೇ ಬಂದಿದ್ದರು, ಪಾಪ ಒಳ್ಳೆಯ ಮನಸ್ಸಿನಿಂದಲೇ.

ಪೂರ್ತಿ ತಣ್ಣಗಾಗುವವರೆಗೆ ಕಾದು, ಮೊದಲನೇ ಗೇರಿನಲ್ಲಿ ಇಳಿದು, ಉಜಿರೆಯಲ್ಲಿ ಒಂದು ಸಣ್ಣ ಗ್ಯಾರೇಜ್ ಹುಡುಕಿದೆವು. ಅಲ್ಲಿದ್ದವರು ವಯಸ್ಸಾದ ಮೆಕ್ಯಾನಿಕ್. ಚಕ್ರ ಬಿಚ್ಚುವಾಗಲೇ ಗೊಣಗಿದರು. ಬೋಲ್ಟ್‌ಗಳನ್ನು ಗನ್‌ನಲ್ಲಿ ಹೊಡೆದು ಬಿಗಿದಿದ್ದಕ್ಕೆ ಒಂದೂ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಪೈಪ್ ಹಾಕಿ ತಿರುಗಿಸಬೇಕಾಯಿತು. ಆಮೇಲೆ ಡಿಸ್ಕ್‌ನ ಎರಡು ಮುಖಗಳ ನಡುವಿನ ಗಾಳಿಯ ಕಿಂಡಿಗಳಿಗೆ ಮೊಬೈಲ್ ಟಾರ್ಚ್ ಬಿಟ್ಟು ನನ್ನನ್ನು ಕರೆದರು. "ಇಲ್ಲಿ ನೋಡಿ. ಇದಕ್ಕೆ ಹೊಸತು ಅಂತ ದುಡ್ಡು ಕೊಟ್ಟದ್ದಾ ಮಾರಾಯ್ರೆ ನೀವು?"

ಮುಖ ಕನ್ನಡಿ ಥರ ಇದೆ, ಒಳಗಿನ ಕಿಂಡಿಗಳ ತುಂಬಾ ಹಕ್ಕಳೆ ಹಕ್ಕಳೆಯಾಗಿ ತುಕ್ಕು. ಸ್ಕ್ರೂಡ್ರೈವರ್ ಆಡಿಸಿದರೆ ಕೆಂಪು ಪುಡಿ ಉದುರಿತು. ಹೊಸ ಡಿಸ್ಕ್‌ನಲ್ಲಿ ಕೆಲವೇ ವಾರಕ್ಕೆ ಅಂಥ ತುಕ್ಕು ಕಟ್ಟಲ್ಲ. ಟೋಪಿ ಭಾಗದ ಕಪ್ಪು ಬಣ್ಣವನ್ನು ವೈರ್ ಬ್ರಷ್‌ನಿಂದ ಉಜ್ಜಿದರು. ಸ್ಪ್ರೇ ಬಣ್ಣದ ಕೆಳಗೆ ಗುಳಿಬಿದ್ದ ಹಳೆಯ ಕಬ್ಬಿಣ, ಅದರ ಮೇಲೆ ಕೆತ್ತಿದ ಅಕ್ಷರ: ಮಿನ್ ಟಿಎಚ್ 19. ಅಂದರೆ 19 ಮಿಲಿಮೀಟರಿಗಿಂತ ತೆಳ್ಳಗಾದರೆ ಎಸೆಯಬೇಕು. ಈ ಡಿಸ್ಕ್ ಹೊಸದಾಗಿದ್ದಾಗ 22 ಇರುತ್ತೆ. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ ಒಂದು ಕಡೆ 18.3, ಇನ್ನೊಂದು ಚಕ್ರದಲ್ಲಿ 18.6.

ಸವೆದ ಡಿಸ್ಕ್‌ಗಳನ್ನೇ ಲೇತ್‌ಗೆ ಹಾಕಿ ಎರಡೂ ಮುಖ ಹೆರೆದು, ಬಣ್ಣ ಹೊಡೆದು ವಾಪಸ್ ಕೂರಿಸಿದ್ದರು. ಮಿತಿ ಹತ್ತಿರ ಬಂದಿದ್ದ ಡಿಸ್ಕ್ ಲೇತ್‌ನಿಂದಾಗಿ ಮಿತಿಯ ಕೆಳಗೇ ಹೋಯಿತು. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕನ್ನೂ ಉಜ್ಜಿರಲಿಲ್ಲ. ನಡುಕಕ್ಕೆ ಅದೇ ಮೂಲ. ಹಬ್ ಮತ್ತು ಡಿಸ್ಕ್ ನಡುವೆ ತುಕ್ಕಿನ ಒಂದು ಚೂರು ಇದ್ದರೂ ಡಿಸ್ಕ್ ಸ್ವಲ್ಪ ಓರೆಯಾಗಿ ಸುತ್ತುತ್ತೆ. ಮೊದಲ ದಿನ ಗೊತ್ತಾಗಲ್ಲ. ಪ್ರತಿ ಸುತ್ತಿಗೂ ಅದೇ ಜಾಗ ಪ್ಯಾಡ್‌ಗೆ ಸವರಿ ಸವರಿ, ಕೆಲವು ವಾರದಲ್ಲಿ ಡಿಸ್ಕ್ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತೆ. ಆಗ ಸ್ಟೇರಿಂಗ್ ನಡುಗುತ್ತೆ. ನಾವು ಡಿಸ್ಕ್ ಬೆಂಡಾಗಿದೆ ಅಂತೀವಿ, ಎಷ್ಟೋ ಸಲ ಅದು ಬೆಂಡಾಗಿರಲ್ಲ.

ಪ್ಯಾಡ್ ಏನೋ ಹೊಸದೇ. ಆದರೆ ಮುಖ ಗಾಜಿನ ಹಾಗೆ ಮಿಂಚುತ್ತಿತ್ತು, ಮೂಲೆ ಉದುರುತ್ತಿತ್ತು. ಹಿಂಬದಿ ತಗಡಿನ ಮೇಲೂ ಇಲ್ಲ, ಪಕ್ಕದಲ್ಲೂ ಇಲ್ಲ, ಒಂದು ಅಕ್ಷರ ಇಲ್ಲ. ಸರಿಯಾದ ಪ್ಯಾಡ್ ಮೇಲೆ ತಯಾರಕರ ಗುರುತು, ಬ್ಯಾಚ್ ನಂಬರ್ ಇರುತ್ತೆ. ಎಷ್ಟೋ ಪ್ಯಾಡ್‌ಗಳಲ್ಲಿ ಎಫ್‌ಎಫ್, ಜಿಜಿ ಥರ ಎರಡು ಅಕ್ಷರವೂ ಇರುತ್ತೆ. ಮೊದಲನೆಯದು ಮಾಮೂಲಿ ಬಿಸಿಯಲ್ಲಿ ಎಷ್ಟು ಹಿಡಿಯುತ್ತೆ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅಂತ. ಎಫ್ ಅಂದರೆ ಘರ್ಷಣೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲನೆಯದು ಎಫ್ ಇದ್ದು ಎರಡನೇ ಅಕ್ಷರ ಇ ಆಗಿದ್ದರೆ ಕಾದಾಗ ಹಿಡಿತ ಇಳಿಯುತ್ತೆ ಅಂತ ಅರ್ಥ. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬದಲಾಯಿಸಿದ್ದೇವೆ ಅಂತ ದುಡ್ಡು ತಗೊಂಡಿದ್ದರು, ಮುಟ್ಟಿಯೂ ಇರಲಿಲ್ಲ.

ಬೆಂಗಳೂರಿಗೆ ಬಂದು ಆ ಗ್ಯಾರೇಜಿನವರಿಗೆ ಫೋಟೋ ತೋರಿಸಿದಾಗ ಆದ ಮಾತುಕತೆಯಿಂದಲೇ ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು. ಮೊದಲ ಮಾತು: "ಸಾರ್, ಸ್ಟೇಜ್ 1 ಗಾಡಿ ನಿಮ್ದು. ನೀವು ಓಡಿಸೋ ಓಟಕ್ಕೆ ಯಾವ ಡಿಸ್ಕ್ ನಿಲ್ಲುತ್ತೆ ಹೇಳಿ?" ನಾನು ತುಕ್ಕಿನ ಫೋಟೋ ತೆಗೆದೆ. "ಲೋಯರ್ ಮಾಡಿದ ಗಾಡಿ, ನೀರೆಲ್ಲ ಒಳಗೆ ಹೋಗುತ್ತೆ." ಅಳತೆ ತೋರಿಸಿದೆ. "17 ಇಂಚಿನ ವೀಲ್ ಭಾರ ಸಾರ್, ಬೇಗ ಸವೆಯುತ್ತೆ." ಬಣ್ಣ ಹೊಡೆದದ್ದು ಯಾಕೆ ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗಿ, "ಮಾಡಿಫೈಡ್ ಗಾಡಿಗೆ ನಾವು ವಾರಂಟಿ ಕೊಡಲ್ಲ" ಅಂದರು. ಗಾಡಿ ಬಿಡುವಾಗ ಇದೇ ಜನ "ಇಂಥ ಗಾಡಿ ಅಂದ್ರೆ ನಮಗೆ ಇಷ್ಟ ಸಾರ್" ಅಂದಿದ್ದರು.

ಏನು ತಪ್ಪಾದರೂ ರಿಮ್ಯಾಪ್ ಮೇಲೆ, ಸ್ಪ್ರಿಂಗ್ ಮೇಲೆ, ಅಲಾಯ್ ಮೇಲೆ ಹಾಕಿಬಿಡುವುದು ಇವರಿಗೆ ಅಭ್ಯಾಸ. ನಾವೂ ಬಾಯಿ ಬಿಡಲ್ಲ ಅಂತ ಅವರಿಗೆ ಗೊತ್ತು. ಆಥರೈಸ್ಡ್ ಸರ್ವಿಸ್‌ಗೆ ಹೋದರೆ ಅಲ್ಲಿ ರಿಮ್ಯಾಪ್ ಪತ್ತೆಯಾಗುತ್ತೆ ಅನ್ನೋ ಭಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಅಡ್ಡ ಬರುತ್ತೆ, ದೂರು ಕೊಡೋಕೆ ಹೋದರೆ ನಮ್ಮ ಬುಡಕ್ಕೇ ಬರುತ್ತೆ ಅನ್ನೋ ಅಳುಕು. ಆ ಅಳುಕಿನ ಮೇಲೇ ಇಂಥ ವ್ಯಾಪಾರ ನಡೆಯೋದು. ರಿಮ್ಯಾಪ್‌ನಿಂದ ಡಿಸ್ಕ್ ಬೇಗ ಸವೆಯಬಹುದು, ಒಪ್ಪುತ್ತೇನೆ. ಆದರೆ ರಿಮ್ಯಾಪ್ ಬಂದು ಡಿಸ್ಕ್‌ಗೆ ಸ್ಪ್ರೇ ಬಣ್ಣ ಹೊಡೆಯಲ್ಲ. ಕಂಪನಿ ಅಳತೆಯದೇ ಡಿಸ್ಕ್, ಅದೇ ಅಳತೆಯ ಪ್ಯಾಡ್ ಹಾಕಿಸೋದು ಮಾರ್ಪಾಡೂ ಅಲ್ಲ. ಅದಕ್ಕೆ ದುಡ್ಡು ತಗೊಂಡು ಹಾಕದೇ ಇರೋದು ಮೋಸ, ಗಾಡಿ ಯಾವ ಸ್ಟೇಜಿನದಾದರೂ ಸರಿ.

ಕೊನೆಗೆ ಪ್ಯಾಡ್ ದುಡ್ಡು ವಾಪಸ್ ಕೊಟ್ಟರು. ಡಿಸ್ಕ್ ಬಗ್ಗೆ "ಬಿಲ್‌ನಲ್ಲಿ ಎಲ್ಲಿದೆ ತೋರಿಸಿ" ಅಂದರು. ಆ ಹಾಳೆಯಲ್ಲಿ ಬರೆದಿದ್ದು ಬರೀ "ಫ್ರಂಟ್ ಡಿಸ್ಕ್ ವರ್ಕ್". ಹೊಸದು ಎಂಬ ಪದ ಇಲ್ಲ, ಪಾರ್ಟ್ ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ. ಬೇಕಂತಲೇ ಹಾಗೆ ಬರೆದದ್ದು ಅನ್ನೋದು ನನ್ನ ಅಭಿಪ್ರಾಯ. ಹಾಗಾಗಿ ಬಿಲ್ ಕೇಳುವಾಗ ಪಾರ್ಟ್ ನಂಬರ್ ಸಮೇತ ಕೇಳಿ. ಹಳೆಯ ಡಿಸ್ಕ್, ಹಳೆಯ ಪ್ಯಾಡ್ ಡಿಕ್ಕಿಯಲ್ಲಿ ಹಾಕಿಕೊಡಿ ಅಂತ ಗಾಡಿ ಬಿಡುವಾಗಲೇ ಹೇಳಿ. ಆಗುವುದಿಲ್ಲ ಅಂದರೆ ಅಲ್ಲಿಂದಲೇ ಗಾಡಿ ತಿರುಗಿಸಿ. ಹೊಸ ಡಿಸ್ಕ್‌ನ ಪೆಟ್ಟಿಗೆ ನಿಮ್ಮ ಕಣ್ಣೆದುರಿಗೆ ಒಡೆಯಲಿ. ಮುಖದ ಮೇಲೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆಯ ಪದರ ಇರುತ್ತೆ, ಅಥವಾ ಇಡೀ ಡಿಸ್ಕ್‌ಗೆ ಬೂದು ಲೇಪ ಇರುತ್ತೆ. ಎಣ್ಣೆ ಇದ್ದರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿಯೇ ಕೂರಿಸಬೇಕು. ಇಲ್ಲದಿದ್ದರೆ ಆ ಎಣ್ಣೆ ಹೊಸ ಪ್ಯಾಡ್‌ಗೆ ಹತ್ತುತ್ತೆ.

ಮನೆಯಲ್ಲಿ ಅಳೆಯುವವರಿಗೆ ಒಂದು ಮಾತು. ಸವೆದ ಡಿಸ್ಕ್‌ನ ಅಂಚಿನಲ್ಲಿ ಏಣು ಇರುತ್ತಲ್ಲ, ವರ್ನಿಯರ್ ಅದನ್ನು ಹಿಡಿದುಕೊಂಡು ಜಾಸ್ತಿ ತೋರಿಸುತ್ತೆ. ಎರಡು ಕಡೆಗೂ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆಯಿರಿ.

ಆಮೇಲೆ ಬೇರೆ ಗ್ಯಾರೇಜಿನಲ್ಲಿ ಹೊಸ ಡಿಸ್ಕ್, ಪ್ಯಾಡ್ ಹಾಕಿಸಿದೆ. ಆ ಕೆಲಸ ಹೇಗಿತ್ತು ಅಂದರೆ, ಹಬ್ ಉಜ್ಜೋಕೇ ಸುಮಾರು ಹೊತ್ತು ಹಿಡಿಯಿತು. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ನೇತಾಡಿಸದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರು. ಕ್ಯಾಲಿಪರ್ ಅತ್ತಿತ್ತ ಸರಿಯೋಕೆ ಇರುವ ಗೈಡ್ ಪಿನ್ ಸಲೀಸಾಗಿ ಜಾರುತ್ತಾ ಅಂತ ನೋಡಿದರು. ಅದು ಬಿಗಿಯಾದರೆ ಒಳಗಿನ ಪ್ಯಾಡ್ ಮಾತ್ರ ಬೇಗ ಸವೆಯುತ್ತೆ. ಹೊರಗಿಂದ ನೋಡಿದರೆ ಇನ್ನೂ ಬೇಕಾದಷ್ಟಿದೆ ಅನ್ನಿಸುತ್ತೆ. ಡಿಸ್ಕ್ ಕೂರಿಸಿ ಓಲಾಟ ಅಳೆಯುವ ಡಯಲ್ ಗೇಜ್ ಹಿಡಿದು ಸುತ್ತಿಸಿದರು. ಓಲಾಟ 0.1 ಮಿಲಿಮೀಟರ್ ದಾಟಬಾರದು, ಅದರ ಅರ್ಧದೊಳಗಿದ್ದರೆ ನೆಮ್ಮದಿ. ಚಕ್ರದ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿದರು. ಹೊರಗಿನ ಅಲಾಯ್ ಹಾಕಿರುವವರು ಇನ್ನೊಂದು ನೋಡಿಕೊಳ್ಳಿ. ಫೋಕ್ಸ್‌ವ್ಯಾಗನ್‌ನ ಸ್ವಂತ ಬೋಲ್ಟ್‌ಗಳ ಕತ್ತು ಗುಂಡಗಿರುತ್ತೆ, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಕೋನ್ ಆಕಾರದ್ದು ಬೇಕು. ಅದಲು ಬದಲಾದರೆ ಬಿಗಿಯಾದಂತೆ ಅನ್ನಿಸಿದರೂ ಸರಿಯಾಗಿ ಕೂತಿರಲ್ಲ. ಅಲಾಯ್‌ನ ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಸಂದು ತುಂಬೋಕೆ 57.1 ಮಿಲಿಮೀಟರ್ ಅಳತೆಯ ರಿಂಗ್ ಇರಬೇಕು. ಬ್ರೇಕ್ ಕೆಲಸದ ನಂತರ ಆ ರಿಂಗ್ ನೆಲದ ಮೇಲೇ ಉಳಿದುಬಿಡುವುದು ಮಾಮೂಲು.

ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ಖಾಲಿ ಹೋಗುತ್ತೆ, ಗೇಟಿನ ಹತ್ತಿರವೇ ಗೋಡೆಗೆ ಗುದ್ದಿದವರಿದ್ದಾರೆ. ಆಮೇಲೆ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 60 ಕಿಲೋಮೀಟರಿನಿಂದ 10ಕ್ಕೆ ಹದವಾಗಿ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಇಳಿಸಿ. ನಡುನಡುವೆ ಗಾಳಿಗೆ ಆರಲು ಬಿಡಿ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡ್‌ನ ಅಚ್ಚು ಅಲ್ಲೇ ಕೂತು ಮತ್ತೆ ನಡುಕ ಶುರುವಾಗುತ್ತೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಗಾಡಿ ಮಾಡಿಫೈಡ್ ಅಂತ ನಾನೇ ಮೊದಲು ಹೇಳಿದೆ, ಅದರಿಂದ ದೂರು ತಗೊಳ್ಳೋಕೆ ಏನೂ ತೊಂದರೆ ಆಗಲಿಲ್ಲ. ಹಾಳೆಯ ಫೋಟೋ, ದುಡ್ಡು ಕಳಿಸಿದ ಯುಪಿಐ ದಾಖಲೆ, ವರ್ನಿಯರ್ ಹಿಡಿದ ಫೋಟೋ, "ಹೊಸ ಡಿಸ್ಕ್ ಹಾಕಿದೀವಿ ಸಾರ್" ಅಂತ ಅವರೇ ಕಳಿಸಿದ್ದ ವಾಟ್ಸಾಪ್ ಮೆಸೇಜು ಎಲ್ಲಾ ಇದೆ. ಡಿಸ್ಕ್‌ಗಳನ್ನೂ ಗುಜರಿಗೆ ಹಾಕಿಲ್ಲ. ಗ್ಯಾರೇಜಿನವರಿಂದ ಇನ್ನೂ ಉತ್ತರ ಬಂದಿಲ್ಲ.